ಸ್ಯಾಂಪಲ್ ಲೈಬ್ರರಿ ಇಷ್ಟು ನಿಧಾನ ಯಾಕೆ?

ಪ್ರಶ್ನೆ: ಚಿತ್ರದುರ್ಗದಲ್ಲಿ ಚಿಕ್ಕದೊಂದು ರೆಕಾರ್ಡಿಂಗ್ ಸ್ಟುಡಿಯೋ ನಡೆಸುತ್ತಿದ್ದೇನೆ. ಜನಪದ ಗೀತೆ, ಕಿರುಚಿತ್ರ, ನಾಟಕದ ಹಿನ್ನೆಲೆ ಸಂಗೀತ, ಚುನಾವಣೆ ಬಂದರೆ ಪ್ರಚಾರದ ಹಾಡು, ಎಲ್ಲವನ್ನೂ ಮಾಡುತ್ತೇವೆ. ಕೊಂಡದ್ದು, ಉಚಿತವಾಗಿ ಸಿಕ್ಕಿದ್ದು, ಗೆಳೆಯರು ಪೆನ್‌ಡ್ರೈವ್‌ನಲ್ಲಿ ಕೊಟ್ಟದ್ದು, ಜಾತ್ರೆಗಳಲ್ಲಿ ನಾವೇ ರೆಕಾರ್ಡ್ ಮಾಡಿದ್ದು ಸೇರಿ ಸ್ಯಾಂಪಲ್‌ಗಳು, ಅಂದರೆ ಹಾಡಿಗೆ ಬಳಸುವ ಧ್ವನಿಯ ಫೈಲ್‌ಗಳು, ಸುಮಾರು 1.4 ಲಕ್ಷ ಇವೆ, ಒಟ್ಟು 1.6 ಟಿಬಿ. ಎಲ್ಲವೂ 4 ಟಿಬಿ ಪೋರ್ಟಬಲ್ ಹಾರ್ಡ್ ಡಿಸ್ಕ್‌ನಲ್ಲಿವೆ, ಎಕ್ಸ್‌ಫ್ಯಾಟ್ ಫಾರ್ಮ್ಯಾಟ್. ಡಿಸ್ಕ್, ಸೌಂಡ್ ಕಾರ್ಡ್, ಮಿಡಿ ಕೀಬೋರ್ಡ್ ಮೂರೂ ಒಂದೇ ಯುಎಸ್‌ಬಿ ಹಬ್‌ಗೆ ಸಿಕ್ಕಿಸಿವೆ. ಸ್ಯಾಂಪಲ್ ಹುಡುಕುವ ಸಾಫ್ಟ್‌ವೇರ್‌ಗೆ ರಾತ್ರಿ ಒಂಬತ್ತೂವರೆಗೆ ಸ್ಕ್ಯಾನ್ ಹಚ್ಚಿದರೆ ಮರುದಿನ ಹತ್ತೂವರೆಗೆ ಮುಗಿಯುತ್ತದೆ. ಡಿಸ್ಕ್ ತೆಗೆದು ಹಾಕಿದರೆ ಕೆಲವು ಸಲ ಮತ್ತೆ ಮೊದಲಿಂದ ಶುರು. ಹುಡುಕುವಾಗ ಒಂದೊಂದು ಅಕ್ಷರಕ್ಕೂ ಎರಡು ಮೂರು ಸೆಕೆಂಡ್ ತಡೆಯುತ್ತದೆ. ಕನ್ನಡದ ಹೆಸರುಗಳದ್ದು ಇನ್ನೊಂದು ಗೋಳು: ಒಂದು ಸಾಫ್ಟ್‌ವೇರ್‌ನಲ್ಲಿ ‘ಡೊಳ್ಳು’ ಅಂದರೆ ಗೆಳೆಯ ಮ್ಯಾಕ್‌ನಿಂದ ಜಿಪ್ ಮಾಡಿ ಕಳಿಸಿದ ಫೈಲ್‌ಗಳು ಬರುವುದೇ ಇಲ್ಲ, ಇನ್ನೊಂದರಲ್ಲಿ ‘ಹಾಡು’ ಅಂದರೆ ‘ಹೊಡೆತ’ದ ಫೈಲ್‌ಗಳೆಲ್ಲ ಬಂದು ಬೀಳುತ್ತವೆ. ಯಾವ ಸಾಫ್ಟ್‌ವೇರ್ ವೇಗ? ಲ್ಯಾಪ್‌ಟಾಪ್ ಬದಲಿಸಬೇಕೇ?

ಉತ್ತರ: ದಾವಣಗೆರೆಗೆ ಬಂದು ಲ್ಯಾಪ್‌ಟಾಪ್ ಅಂಗಡಿ ಹತ್ತುವ ಮುಂಚೆ ನಿಮ್ಮ ಪತ್ರದಲ್ಲೇ ಇರುವ ಎರಡು ಅಂಕಿಗಳನ್ನು ಭಾಗಿಸಿ ನೋಡೋಣ. 1.6 ಟಿಬಿ ಅಂದರೆ 16 ಲಕ್ಷ ಎಂಬಿ. ರಾತ್ರಿ ಒಂಬತ್ತೂವರೆಯಿಂದ ಬೆಳಗ್ಗೆ ಹತ್ತೂವರೆ ಅಂದರೆ 13 ಗಂಟೆ, 46,800 ಸೆಕೆಂಡ್. ಭಾಗಿಸಿದರೆ ಸೆಕೆಂಡಿಗೆ 34 ಎಂಬಿ ಬರುತ್ತದೆ. ಈ ಕೆಲಸ ಮಾಡುವವರಿಗೆ ಇದು ಗುರುತಿನ ಅಂಕಿ. ಯುಎಸ್‌ಬಿ 2.0 ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಎಂಬಿ. ಕೈಗೆ ಸಿಗುವುದು 30ರಿಂದ 40. ನಿಮ್ಮ ಹಬ್ ಹಳೆಯ ಯುಎಸ್‌ಬಿ 2.0 ಹಬ್ ಆಗಿರಬೇಕು, ಇಲ್ಲವೇ ಹಬ್‌ನಿಂದ ಲ್ಯಾಪ್‌ಟಾಪ್‌ಗೆ ಬಂದಿರುವ ಕೇಬಲ್ ಆ ಕಾಲದ್ದು. ಸಾಫ್ಟ್‌ವೇರ್ ರಾತ್ರಿಯಿಡೀ ಲೆಕ್ಕ ಹಾಕುತ್ತಾ ಕೂತಿರಲಿಲ್ಲ, ಡೇಟಾ ಬರಲಿ ಎಂದು ಕಾಯುತ್ತಾ ಕೂತಿತ್ತು.

ಇದನ್ನು ನೀವೇ ಖಾತ್ರಿ ಮಾಡಿಕೊಳ್ಳಬಹುದು. ಸ್ಕ್ಯಾನ್ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಆ ಡಿಸ್ಕ್ ಆರಿಸಿ. ಓದುವ ವೇಗ 34-38 ಎಂಬಿಗೆ ಅಂಟಿಕೊಂಡು ಗೆರೆ ಎಳೆದ ಹಾಗೆ ನಿಂತಿದ್ದರೆ ಅದು ಯುಎಸ್‌ಬಿ 2.0ದ ತಲೆಮಿತಿ. ಡಿಸ್ಕ್ ನೂರಕ್ಕೆ ನೂರು ಕೆಲಸದಲ್ಲಿದೆ ಎಂದು ತೋರಿಸುತ್ತಾ ವೇಗ ಮಾತ್ರ ಎರಡು ಮೂರು ಎಂಬಿಗೆ ಇಳಿದಿದ್ದರೆ ಡಿಸ್ಕ್‌ನ ಮುಳ್ಳು (ತಟ್ಟೆಯಿಂದ ಡೇಟಾ ಓದುವ ತಲೆ) ಫೈಲಿಂದ ಫೈಲಿಗೆ ಓಡಾಡಿ ಸುಸ್ತಾಗಿದೆ. ಸಿಪಿಯು ನೂರಕ್ಕೆ ಹತ್ತಿರವಿದ್ದು ಡಿಸ್ಕ್ ಆರಾಮಾಗಿದ್ದರೆ ಆಗ ಮಾತ್ರ ಲ್ಯಾಪ್‌ಟಾಪ್‌ನ ಮಾತು. ನಿಮ್ಮ ಯಂತ್ರದಲ್ಲಿ ಈ ಮೂರನೆಯದು ಕಾಣಿಸಲಿಕ್ಕಿಲ್ಲ.

ಡಿಸ್ಕನ್ನು ಹಬ್‌ನಿಂದ ಬಿಡಿಸಿ, ಡಿಸ್ಕ್ ಜೊತೆ ಬಂದ ಕೇಬಲ್‌ನಲ್ಲೇ ಲ್ಯಾಪ್‌ಟಾಪ್‌ನ ಯುಎಸ್‌ಬಿ 3 ಕಿಂಡಿಗೆ ನೇರ ಹಾಕಿ. ಒಳಗೆ ನೀಲಿ ಬಣ್ಣವಿದ್ದರೆ, ಪಕ್ಕದಲ್ಲಿ ‘ಎಸ್‌ಎಸ್’ ಗುರುತಿದ್ದರೆ ಸಾಮಾನ್ಯವಾಗಿ ಅದೇ. ಇಂಥ ಪೋರ್ಟಬಲ್ ಡಿಸ್ಕ್ ದೊಡ್ಡ ಫೈಲ್‌ಗಳನ್ನು ಸೆಕೆಂಡಿಗೆ 100-120 ಎಂಬಿ ವೇಗದಲ್ಲಿ ಓದುತ್ತದೆ. 110 ಎಂದು ಹಿಡಿದರೆ 1.6 ಟಿಬಿಗೆ ನಾಲ್ಕು ಗಂಟೆ ಚಿಲ್ಲರೆ. ಒಂದು ಪೈಸೆ ಖರ್ಚಿಲ್ಲದೆ 13 ಗಂಟೆ ನಾಲ್ಕಾಯಿತು. ಹಬ್‌ನಲ್ಲಿ ಕೀಬೋರ್ಡ್ ಮಾತ್ರ ಇರಲಿ. ಸೌಂಡ್ ಕಾರ್ಡನ್ನೂ ನೇರ ಹಾಕುವುದು ಒಳ್ಳೆಯದು, ಡಿಸ್ಕ್ ದಾರಿ ತುಂಬಿಕೊಂಡಾಗ ಪ್ಲೇಬ್ಯಾಕ್‌ನಲ್ಲಿ ಬರುವ ಚಟಪಟ ಸದ್ದಿಗೂ ಅದೇ ಔಷಧಿ.

ಆದರೆ ನನ್ನ ಅಸಲು ಮಾತು ಇದಲ್ಲ. ‘ಸಾಫ್ಟ್‌ವೇರ್ ನಿಧಾನ’ ಎಂದು ನೀವು ಒಂದೇ ಹೆಸರಿಟ್ಟು ಕರೆದದ್ದು ಒಂದು ಕಾಯಿಲೆಯಲ್ಲ. ಸ್ಕ್ಯಾನ್ ಮಾಡುವುದು, ಹುಡುಕುವುದು, ಕೇಳಿಸುವುದು ಮೂರೂ ಬೇರೆ ಬೇರೆ ಕೆಲಸ. ಸ್ಕ್ಯಾನ್ ಡಿಸ್ಕ್‌ಗೆ ಸೇರಿದ್ದು, ಒಂದು ಸಲ ಆದರೆ ಮುಗಿಯಿತು. ಹುಡುಕಾಟ ಪೂರ್ತಿ ಮೆಮೊರಿಯಲ್ಲಿ ನಡೆಯಬೇಕಾದದ್ದು, ಅದಕ್ಕೆ ಆ ಡಿಸ್ಕ್ ಬೇಕೇ ಆಗಬಾರದು. ಕೇಳಿಸುವಾಗ ಮಾತ್ರ ಡಿಸ್ಕ್ ಮತ್ತೆ ಬರಬೇಕು, ಅದೂ ಒಂದು ಫೈಲ್‌ಗೆ. ಯಾವ ಕೆಲಸ ಎಲ್ಲಿ ಸಿಕ್ಕಿಕೊಂಡಿದೆ ಎಂದು ಬಿಡಿಸಿ ನೋಡದೆ ಸಾಫ್ಟ್‌ವೇರ್ ಮೇಲೆ ಸಾಫ್ಟ್‌ವೇರ್ ಬದಲಿಸಿದರೆ ಅದೇ ಹಬ್, ಅದೇ ಡಿಸ್ಕ್, ಅದೇ ರಾತ್ರಿ.

ಸ್ಕ್ಯಾನ್‌ನ ಒಳಗೂ ಎರಡು ಬಗೆಯಿದೆ. ಮೊದಲನೆಯದು ಬರೀ ಹೆಸರು ಮತ್ತು ತಲೆಬರಹ ಓದುವುದು. ವೇವ್ ಫೈಲ್‌ನ ಶುರುವಿನಲ್ಲೇ ಸ್ಯಾಂಪಲ್ ರೇಟ್, ಬಿಟ್, ಚಾನೆಲ್ ಎಲ್ಲ ಬರೆದಿರುತ್ತದೆ; ಲೂಪ್ ಫೈಲ್‌ಗಳಲ್ಲಿ ‘ಆಸಿಡ್’ ಎಂಬ ತುಂಡು ಇದ್ದರೆ ಟೆಂಪೋ ಮತ್ತು ಮೂಲ ಸ್ವರವೂ ಸಿಗುತ್ತದೆ. ಓದಬೇಕಾದದ್ದು ಕೆಲವು ಕೆಬಿ ಅಷ್ಟೇ. ಆದರೂ ಹಾರ್ಡ್ ಡಿಸ್ಕ್‌ಗೆ ಇದು ಸುಲಭವಲ್ಲ. ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕ್‌ನಲ್ಲಿ ಮುಳ್ಳು ಸರಿಯಾದ ಜಾಗಕ್ಕೆ ಸರಿಯಲು ಸುಮಾರು 12 ಮಿಲಿಸೆಕೆಂಡ್, ತಟ್ಟೆ ತಿರುಗಿ ಆ ಜಾಗ ಮುಳ್ಳಿನ ಕೆಳಗೆ ಬರಲು ಸರಾಸರಿ 5.6 ಮಿಲಿಸೆಕೆಂಡ್. ಫೈಲ್ ಒಂದಕ್ಕೆ ಒಂದೇ ಸಲ ಓಡಾಡಿದರೂ 1.4 ಲಕ್ಷ ಫೈಲ್‌ಗೆ 40 ನಿಮಿಷ. ಫೋಲ್ಡರ್ ಪಟ್ಟಿಗೊಂದು ಸಲ, ಫೈಲ್‌ಗೊಂದು ಸಲ ಎಂದರೆ ಒಂದೂಕಾಲು ಗಂಟೆಯ ಮೇಲೆ. ಒಂದೇ ಮನೆಗೆ ನೂರು ಕಾಗದ ತಂದುಕೊಡುವ ಅಂಚೆಯಣ್ಣನಿಗೂ ನೂರು ಊರಿಗೆ ಒಂದೊಂದು ಕಾಗದ ಹಂಚುವವನಿಗೂ ಇರುವ ವ್ಯತ್ಯಾಸವಿದು. ಚಿಪ್‌ನಲ್ಲಿ ಡೇಟಾ ಇಡುವ ಎಸ್‌ಎಸ್‌ಡಿಗೆ ಮುಳ್ಳೂ ಇಲ್ಲ, ತಟ್ಟೆಯೂ ಇಲ್ಲ; ಇದೇ ಕೆಲಸ ಅದರಲ್ಲಿ ಒಂದೆರಡು ನಿಮಿಷಕ್ಕೆ ಇಳಿಯುತ್ತದೆ.

ಎರಡನೆಯದು ಇಡೀ ಫೈಲ್ ಓದಿ ವಿಶ್ಲೇಷಣೆ ಮಾಡುವುದು: ತರಂಗದ ಚಿತ್ರ ಬರೆಯುವುದು, ಟೆಂಪೋ ಕಂಡುಹಿಡಿಯುವುದು, ‘ಇದೇ ಥರದ್ದು ತೋರಿಸು’ ಎನ್ನಲು ಬೇಕಾದ ಲಕ್ಷಣಗಳನ್ನು ತೆಗೆಯುವುದು. ನಿಮ್ಮ 13 ಗಂಟೆ ಹೋಗುತ್ತಿರುವುದು ಇಲ್ಲಿ. ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ನೋಡಿ, ವಿಶ್ಲೇಷಣೆಯನ್ನು ಬೇರೆ ಮಾಡುವ ಅಥವಾ ಆಮೇಲೆ ಹಿನ್ನೆಲೆಯಲ್ಲಿ ಮಾಡುವ ಆಯ್ಕೆ ಅನೇಕ ಸಾಫ್ಟ್‌ವೇರ್‌ಗಳಲ್ಲಿ ಇರುತ್ತದೆ. ಮೊದಲು ಹೆಸರಿನ ಸ್ಕ್ಯಾನ್ ಮಾತ್ರ ಮುಗಿಸಿದರೆ ಅವತ್ತೇ ಕೆಲಸ ಶುರು ಮಾಡಬಹುದು.

ನೀವು ಜಾತ್ರೆಯಲ್ಲಿ ಗಂಟೆಗಟ್ಟಲೆ ಬಿಟ್ಟು ರೆಕಾರ್ಡ್ ಮಾಡಿದ ಫೈಲ್‌ಗಳನ್ನು ಈ ವಿಶ್ಲೇಷಣೆಯಿಂದ ಹೊರಗಿಡಿ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋದಲ್ಲಿ ಒಂದು ಗಂಟೆಯ ಧ್ವನಿ ಒಂದು ಜಿಬಿಗಿಂತ ಚೂರು ಹೆಚ್ಚು. ನಾಯಕನಹಟ್ಟಿ ತೇರಿನ ಒಂದು ಗಂಟೆಯ ರೆಕಾರ್ಡಿಂಗ್‌ನಲ್ಲಿ ಉರುಮೆ, ಜನರ ಕೂಗು, ಐಸ್‌ಕ್ರೀಂ ಗಾಡಿಯ ಗಂಟೆ, ಮೈಕಿನಲ್ಲಿ ಕಳೆದುಹೋದ ಮಗುವಿನ ಪ್ರಕಟಣೆ, ಎಲ್ಲ ಇರುತ್ತದೆ. ಇಷ್ಟನ್ನೂ ಅರೆದು ಒಂದೇ ‘ಲಕ್ಷಣ’ ತೆಗೆದರೆ ಅದು ಯಾವುದನ್ನೂ ಹೋಲುವುದಿಲ್ಲ. ಅವನ್ನು ‘ಮೂಲ ರೆಕಾರ್ಡಿಂಗ್’ ಎಂಬ ಬೇರೆ ಫೋಲ್ಡರ್‌ಗೆ ಹಾಕಿ. ಬೇಕಾದ ಹತ್ತಿಪ್ಪತ್ತು ಸೆಕೆಂಡಿನ ತುಣುಕುಗಳನ್ನು ಕತ್ತರಿಸಿ ಲೈಬ್ರರಿಗೆ ಸೇರಿಸಿ.

ಡಿಸ್ಕ್ ತೆಗೆದು ಹಾಕಿದಾಗ ಮೊದಲಿಂದ ಶುರುವಾಗುವುದು ಡ್ರೈವ್ ಅಕ್ಷರದ ಕಿತಾಪತಿ. ಇವತ್ತು ಡಿಸ್ಕ್ ‘ಇ’ ಎಂದು ಬಂದಿರುತ್ತದೆ. ನಾಳೆ ಗಿರಾಕಿಯ ಪೆನ್‌ಡ್ರೈವ್ ಮೊದಲೇ ಆ ಅಕ್ಷರ ಹಿಡಿದುಕೊಂಡಿದ್ದರೆ ನಿಮ್ಮ ಡಿಸ್ಕ್ ‘ಎಫ್’ ಆಗುತ್ತದೆ. ಸಾಫ್ಟ್‌ವೇರ್ ಪೂರ್ತಿ ವಿಳಾಸವನ್ನು ಬರೆದಿಟ್ಟುಕೊಂಡಿದ್ದರೆ ಅದಕ್ಕೆ 1.4 ಲಕ್ಷ ಫೈಲ್ ಕಾಣೆಯಾಗಿ 1.4 ಲಕ್ಷ ಹೊಸ ಫೈಲ್ ಬಂದ ಹಾಗೆ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಈ ಡಿಸ್ಕ್‌ಗೆ ‘ಎಸ್’ ಥರದ, ಬೇರೆ ಯಾರೂ ಹಿಡಿಯದ ಅಕ್ಷರ ಕೊಡಿ. ಆಮೇಲೆ ಮರುಸ್ಕ್ಯಾನ್ ಎಂದರೆ ಗಾತ್ರ ಮತ್ತು ತಿದ್ದಿದ ದಿನಾಂಕ ಹೋಲಿಸಿ ಬದಲಾದದ್ದನ್ನು ಮಾತ್ರ ಓದುವುದು, ಆಗಬೇಕಾದದ್ದು ಅಷ್ಟೇ.

ಇನ್ನು ಹುಡುಕಾಟ. ಇಲ್ಲಿ ಸಾಫ್ಟ್‌ವೇರ್‌ಗೆ ಬಯ್ಯಲು ನಿಮಗೆ ನಿಜವಾಗಿ ಹಕ್ಕಿದೆ. ಫೈಲ್ ಒಂದಕ್ಕೆ ಹೆಸರು, ಜಾಗ, ಟ್ಯಾಗ್ ಎಲ್ಲ ಸೇರಿ 500 ಬೈಟ್ ಎಂದು ಧಾರಾಳವಾಗಿ ಹಿಡಿದರೂ 1.4 ಲಕ್ಷಕ್ಕೆ 70 ಎಂಬಿ. ಇವತ್ತಿನ ಯಾವ ಲ್ಯಾಪ್‌ಟಾಪ್‌ಗೂ ಇದು ಲೆಕ್ಕಕ್ಕಿಲ್ಲ. ಯಾವ ಸೂಚಿಯೂ ಇಲ್ಲದೆ ಮೆಮೊರಿಯಲ್ಲಿ ಮೊದಲಿಂದ ಕೊನೆಯವರೆಗೆ ಜಾಲಾಡಿದರೂ ಸೆಕೆಂಡಿನ ಚಿಕ್ಕ ಪಾಲು ಸಾಕು. ಎರಡು ಮೂರು ಸೆಕೆಂಡ್ ತಡೆಯುತ್ತಿದೆ ಎಂದರೆ ಸಾಫ್ಟ್‌ವೇರ್ ಹುಡುಕಾಟದ ಜೊತೆ ಬೇರೇನೋ ಮಾಡುತ್ತಿದೆ.

ಅದನ್ನು ಹಿಡಿಯಲು ಒಂದು ಉಪಾಯವಿದೆ. ಸಾಫ್ಟ್‌ವೇರ್ ತೆರೆದಿರುವಾಗಲೇ ಡಿಸ್ಕನ್ನು ಇಜೆಕ್ಟ್ ಮಾಡಿ, ಬಿಚ್ಚಿಟ್ಟು, ಅದೇ ಪದ ಮತ್ತೆ ಟೈಪ್ ಮಾಡಿ. ಈಗ ಹುಡುಕಾಟ ಚಕಚಕ ಆಯಿತೋ, ಡೇಟಾಬೇಸ್ ಸರಿಯಿದೆ. ಫಲಿತಾಂಶದ ಪ್ರತಿ ಸಾಲಿಗೂ ‘ಫೈಲ್ ಇನ್ನೂ ಇದೆಯಾ’ ಎಂದು ಡಿಸ್ಕ್‌ಗೆ ಹೋಗಿ ನೋಡಿ ಬರುವುದು, ತರಂಗದ ಚಿತ್ರವನ್ನು ಆಗಲೇ ಬರೆಯುವುದು ನಿಮ್ಮ ಸಮಯ ತಿನ್ನುತ್ತಿತ್ತು. ಮೊದಲ ಅಕ್ಷರ ಒತ್ತಿದಾಗ ಅರ್ಧ ಲೈಬ್ರರಿಯೇ ಹೊಂದಿಕೆಯಾಗುತ್ತದಲ್ಲ, ತಡೆ ಅಲ್ಲೇ ಜಾಸ್ತಿ. ಇಜೆಕ್ಟ್ ಮಾಡಲು ವಿಂಡೋಸ್ ಬಿಡುವುದೇ ಇಲ್ಲ, ಡಿಸ್ಕ್ ಬಳಕೆಯಲ್ಲಿದೆ ಎನ್ನುತ್ತದೆ ಎಂದಾದರೆ ಅದೂ ಉತ್ತರವೇ: ಸಾಫ್ಟ್‌ವೇರ್‌ನ ಡೇಟಾಬೇಸ್ ಬಹುಶಃ ಅದೇ ಡಿಸ್ಕ್‌ನಲ್ಲಿ ಕೂತಿದೆ. ಅದನ್ನು ಲ್ಯಾಪ್‌ಟಾಪ್‌ನ ಒಳಗಿನ ಎಸ್‌ಎಸ್‌ಡಿಗೆ ಸಾಗಿಸಿ. ಸೆಟ್ಟಿಂಗ್ಸ್‌ನಲ್ಲಿ ಡೇಟಾಬೇಸ್ ಅಥವಾ ಕ್ಯಾಶ್ ಫೋಲ್ಡರ್ ಎಂದಿರುತ್ತದೆ.

ಡೇಟಾಬೇಸ್ ಎಲ್ಲಿದೆ ಎಂಬುದು ಸ್ಕ್ಯಾನ್‌ಗೂ ಮುಖ್ಯ. ಇಂಥ ಸಾಫ್ಟ್‌ವೇರ್‌ಗಳಲ್ಲಿ ಎಸ್‌ಕ್ಯುಲೈಟ್ ಎಂಬ ಸಿದ್ಧ ಡೇಟಾಬೇಸ್‌ನ ಬಳಕೆ ಬಹಳ ಸಾಮಾನ್ಯ. ಎಸ್‌ಕ್ಯುಲೈಟ್ ಮಾಡಿದವರೇ ಹೇಳುವ ಪ್ರಕಾರ ಸಾಧಾರಣ ಕಂಪ್ಯೂಟರ್‌ನಲ್ಲಿ ಸೆಕೆಂಡಿಗೆ 50,000 ಸಾಲು ಸೇರಿಸಬಹುದು, ಆದರೆ 7200 ಸುತ್ತಿನ ಹಾರ್ಡ್ ಡಿಸ್ಕ್‌ನಲ್ಲಿ ಸೆಕೆಂಡಿಗೆ ಮುಗಿಯುವ ವಹಿವಾಟು (ಒಂದು ಸಲಕ್ಕೆ ಬರೆದು ಖಾತ್ರಿ ಮಾಡುವ ಕೆಲಸ) ಸುಮಾರು 60 ಮಾತ್ರ, ಏಕೆಂದರೆ ಪ್ರತಿ ವಹಿವಾಟಿಗೂ ಬರೆದದ್ದು ನಿಜವಾಗಿ ತಟ್ಟೆ ಮುಟ್ಟಿತೇ ಎಂದು ಅದು ಕಾಯುತ್ತದೆ. ಸಾವಿರಾರು ಸಾಲುಗಳನ್ನು ಕಟ್ಟು ಕಟ್ಟಿ ಒಂದೇ ವಹಿವಾಟಿನಲ್ಲಿ ಬರೆದರೆ ಗಮನಕ್ಕೇ ಬರುವುದಿಲ್ಲ. ಫೈಲಿಗೊಂದು ವಹಿವಾಟು ಮಾಡುವ ಸೋಮಾರಿ ಪ್ರೋಗ್ರಾಂ ಆದರೆ 1.4 ಲಕ್ಷಕ್ಕೆ ಬರೀ ಕಾಯುವುದರಲ್ಲೇ 39 ನಿಮಿಷ ಹೋಯಿತು. ಓದುವ ಡಿಸ್ಕ್‌ಗೇ ಬರೆಯುವುದೂ ಆದರೆ ಮುಳ್ಳು ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ; ಎರಡೂ ಕೆಡುತ್ತವೆ.

ಕನ್ನಡದ ಗೋಳಿಗೆ ಬರೋಣ. ಇದನ್ನು ಯಾರೂ ಕೇಳುವುದಿಲ್ಲ, ಕೇಳಿದ್ದು ಖುಷಿಯಾಯಿತು. ನಿಮ್ಮ ಎರಡು ಸಾಫ್ಟ್‌ವೇರ್‌ಗಳಿಗೆ ಎರಡು ಬೇರೆ ರೋಗ.

ಮೊದಲನೆಯದು, ‘ಡೊಳ್ಳು’ ಸಿಗದಿರುವುದು. ಯೂನಿಕೋಡ್‌ನಲ್ಲಿ ‘ಡೊ’ದ ಒತ್ವವನ್ನು ಎರಡು ರೀತಿ ಬರೆಯಬಹುದು: ಒತ್ವ ಎಂಬ ಒಂದೇ ಚಿಹ್ನೆಯಾಗಿ, ಅಥವಾ ಎತ್ವ ಮತ್ತು ಊತ್ವ ಎಂಬ ಎರಡು ಚಿಹ್ನೆಗಳ ಜೋಡಿಯಾಗಿ. ಪರದೆಯ ಮೇಲೆ ಎರಡೂ ಒಂದೇ. ವಿಂಡೋಸ್‌ನಲ್ಲಿ ನಾವು ಟೈಪ್ ಮಾಡಿದರೆ ಒಂದೇ ಚಿಹ್ನೆ ಬರುತ್ತದೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್‌ಗಳು ಫೈಲ್ ಹೆಸರನ್ನು ಬಿಡಿಸಿದ ರೂಪದಲ್ಲೇ ಇಟ್ಟುಕೊಳ್ಳುತ್ತವೆ, ಜಿಪ್ ಮಾಡಿದಾಗ ಆ ಬಿಡಿಸಿದ ಹೆಸರೇ ನಿಮ್ಮಲ್ಲಿಗೂ ಬರುತ್ತದೆ. ಈ, ಏ, ಐ, ಒ, ಓ ಸ್ವರಚಿಹ್ನೆ ಇರುವ ಕನ್ನಡ ಪದಗಳಿಗೆಲ್ಲ ಇದೇ ಕಥೆ. ‘ಹಲಗೆ’, ‘ಉರುಮೆ’, ‘ತಮಟೆ’ಗೆ ತೊಂದರೆಯಿಲ್ಲ, ‘ಡೊಳ್ಳು’, ‘ಡೋಲು’, ‘ಕೋಲಾಟ’, ‘ವೀರಗಾಸೆ’ಗೆ ತೊಂದರೆ. ಗೆಳೆಯ ಕಳಿಸಿದ ಫೋಲ್ಡರ್‌ನಲ್ಲಿ ಈ ಎರಡು ಗುಂಪನ್ನೂ ಹುಡುಕಿ ನೋಡಿದರೆ ರೋಗ ಇದೇ ಎಂದು ಗೊತ್ತಾಗುತ್ತದೆ. ಒಳ್ಳೆಯ ಸಾಫ್ಟ್‌ವೇರ್ ಹೆಸರನ್ನೂ ನೀವು ಟೈಪ್ ಮಾಡಿದ್ದನ್ನೂ ಒಂದೇ ರೂಪಕ್ಕೆ ತಂದು ಹೋಲಿಸುತ್ತದೆ. ನಿಮ್ಮದು ಹಾಗೆ ಮಾಡುತ್ತಿಲ್ಲ, ಹಾಗಾಗಿ ಫೈಲ್ ಹೆಸರುಗಳನ್ನೇ ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ಒಟ್ಟಿಗೆ ಬದಲಿಸಬೇಕು. ನಾಲ್ಕು ಸಾಲಿನ ಪೈಥಾನ್ ಕೆಲಸ. ಊರಿನಲ್ಲಿ ಎಂಜಿನಿಯರಿಂಗ್ ಓದುವ ಹುಡುಗರು ಯಾರಾದರೂ ಮಾಡಿಕೊಡುತ್ತಾರೆ. ಪ್ರಾಜೆಕ್ಟ್‌ಗಳಲ್ಲಿ ಈಗಾಗಲೇ ಬಳಸಿದ ಫೈಲ್‌ಗಳಾದರೆ ಹೆಸರು ಬದಲಾದ ಮೇಲೆ ಪ್ರಾಜೆಕ್ಟ್ ಅವನ್ನು ಮತ್ತೆ ತೋರಿಸು ಎಂದು ಕೇಳುತ್ತದೆ, ಅದಕ್ಕೆ ಸಿದ್ಧವಾಗಿರಿ.

ಎರಡನೆಯದು ಇನ್ನೂ ತಮಾಷೆ. ಎಸ್‌ಕ್ಯುಲೈಟ್‌ನ ಪದ ಹುಡುಕಾಟದ ಭಾಗವಾದ ಎಫ್‌ಟಿಎಸ್5, ಪದವನ್ನು ಒಡೆಯುವಾಗ ಯೂನಿಕೋಡ್‌ನ ‘ಅಕ್ಷರ’ ಮತ್ತು ‘ಅಂಕಿ’ ವರ್ಗಗಳನ್ನು ಮಾತ್ರ ಪದದ ಭಾಗ ಎಂದು ತಾನಾಗಿ ಹಿಡಿಯುತ್ತದೆ. ಕನ್ನಡದ ಕಾಗುಣಿತ ಚಿಹ್ನೆಗಳು ಮತ್ತು ಒತ್ತಕ್ಷರ ಮಾಡುವ ಹಲಂತ ಚಿಹ್ನೆ (್) ಅಕ್ಷರದ ವರ್ಗದಲ್ಲಿಲ್ಲ, ‘ಗುರುತು’ಗಳ ವರ್ಗದಲ್ಲಿವೆ. ಹಾಗಾಗಿ ಅದರ ಪಾಲಿಗೆ ‘ಹಾಡು’ ಅಂದರೆ ಹ, ಡ. ‘ಹೊಡೆತ’ ಅಂದರೆ ಹ, ಡ, ತ. ಹ ಆದ ಮೇಲೆ ಡ ಬಂದಿದೆಯಲ್ಲ, ಇಗೋ ತಗೋ ಎಂದು ತಂದು ಸುರಿಯುತ್ತದೆ. ನಿಮ್ಮ ಸಾಫ್ಟ್‌ವೇರ್ ಒಳಗೆ ಇದನ್ನೇ ಬಳಸಿದೆ ಎಂದು ಲಕ್ಷಣ ನೋಡಿದರೆ ಅನ್ನಿಸುತ್ತದೆ. ಇದೇ ಕಾರಣಕ್ಕೆ ಮ್ಯಾಕ್‌ನ ಡೊಳ್ಳು ಇದರಲ್ಲಿ ಸಿಗುತ್ತದೆ: ಸ್ವರಚಿಹ್ನೆಯನ್ನೇ ನೋಡದವನಿಗೆ ಅದು ಒಂದಾದರೇನು, ಎರಡಾದರೇನು? ಗುರುತುಗಳ ವರ್ಗವನ್ನೂ ಸೇರಿಸು ಎಂದು ಒಂದು ಸಾಲು ಬರೆದರೆ ಸರಿಹೋಗುತ್ತದೆ, ಆದರೆ ಅದನ್ನು ಬರೆಯಬೇಕಾದವರು ಸಾಫ್ಟ್‌ವೇರ್ ಮಾಡಿದವರು. ‘ಹಾಡು, ಹೊಡೆತ’ದ ಉದಾಹರಣೆಯನ್ನೇ ಕೊಟ್ಟು ಅವರಿಗೆ ಬರೆಯಿರಿ. ಹಿಂದಿ, ಮರಾಠಿಯವರಿಗೂ ಇದೇ ತೊಂದರೆ ಎಂದೂ ಸೇರಿಸಿ, ಬೇಗ ಕಿವಿಗೆ ಬಿದ್ದೀತು.

ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ರೂಪದಲ್ಲಿ ಹೆಸರಿಟ್ಟ ಫೈಲ್‌ಗಳು ಇದ್ದರೆ ಅವು ಪರದೆಯ ಮೇಲೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಯಾವ ಸಾಫ್ಟ್‌ವೇರೂ ಅವನ್ನು ಕನ್ನಡವೆಂದು ಗುರುತಿಸದು. ಯೂನಿಕೋಡ್‌ಗೆ ಪರಿವರ್ತಿಸಿ ಮರುನಾಮಕರಣ ಮಾಡಲೇಬೇಕು.

ಹೆಸರಿಡುವ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ: ಕನ್ನಡದ ಪದವೂ ಇರಲಿ, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದ ರೂಪವೂ ಇರಲಿ. ಡೊಳ್ಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬರು ಒಂದು ‘ಎಲ್’ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಎರಡು. ಸ್ಟುಡಿಯೋದಲ್ಲಿ ಕೂತು ಒಂದು ರೂಪಕ್ಕೆ ಒಪ್ಪಿಕೊಂಡು ಗೋಡೆಗೆ ಅಂಟಿಸಿ. ಚಲನಚಿತ್ರದ ಧ್ವನಿಯವರಿಗಾಗಿ 2020ರಲ್ಲಿ ಬಂದ ಯುನಿವರ್ಸಲ್ ಕ್ಯಾಟಗರಿ ಸಿಸ್ಟಮ್ ಎಂಬ ಉಚಿತ ಪದ್ಧತಿ ಇದೆ. ಹೆಸರು ವರ್ಗದ ಸಂಕೇತದಿಂದ ಶುರುವಾಗಿ, ಆಮೇಲೆ ವಿವರಣೆ, ರೆಕಾರ್ಡ್ ಮಾಡಿದವರು, ಸಂಗ್ರಹ ಎಂದು ಸಾಗುತ್ತದೆ. ಮೊಳಕಾಲ್ಮೂರಿನ ಮಗ್ಗದ ಲಾಳಿ ಸದ್ದು, ಜೋಗಿಮಟ್ಟಿ ಗಾಳಿಯಂಥ ನಿಮ್ಮ ಸ್ವಂತ ರೆಕಾರ್ಡಿಂಗ್‌ಗಳಿಗೆ ಇದನ್ನು ಅನುಸರಿಸಿದರೆ ನಾಳೆ ಬೆಂಗಳೂರಿನ ಸ್ಟುಡಿಯೋಗೆ ಕೊಡುವಾಗಲೂ ಅನುಕೂಲ.

ಫೈಲ್‌ನ ಒಳಗೇ ವಿವರ ಬರೆಯುವುದಾದರೆ ಒಂದು ಎಚ್ಚರ. ವಿವರ ಸೇರಿಸಲು ಜಾಗವಿರುವ ಬ್ರಾಡ್‌ಕಾಸ್ಟ್ ವೇವ್ ಫೈಲ್‌ನಲ್ಲಿ ವಿವರಣೆಯ ಜಾಗಕ್ಕೆ ಇರುವುದು 256 ಬೈಟ್, ಅದೂ ಇಂಗ್ಲಿಷ್ ಅಕ್ಷರಕ್ಕೆಂದು ಮಾಡಿದ್ದು. ಯೂನಿಕೋಡ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ‘ಡೊಳ್ಳು’ ಒಂದಕ್ಕೇ 18 ಬೈಟ್ ಖರ್ಚು. ಎರಡು ವಾಕ್ಯ ಬರೆಯುವಷ್ಟರಲ್ಲಿ ತುಂಬಿ, ಕೊನೆಯ ಅಕ್ಷರ ಅರ್ಧಕ್ಕೆ ಕತ್ತರಿಸುತ್ತದೆ. ಕನ್ನಡದ ವಿವರಣೆಯನ್ನು ಅದೇ ಫೈಲ್‌ನ ಐಎಕ್ಸ್‌ಎಂಎಲ್ ಎಂಬ ಇನ್ನೊಂದು ಭಾಗದಲ್ಲಿ ಬರೆಯಿರಿ, ಅಲ್ಲಿ ಈ ಇಕ್ಕಟ್ಟಿಲ್ಲ.

ಕ್ಲಿಕ್ ಮಾಡಿ ಕೇಳುವಾಗಿನ ತಡದ ಬಗ್ಗೆ ನೀವು ಬರೆದಿಲ್ಲ, ಆದರೆ ಈ ಸೆಟಪ್‌ನಲ್ಲಿ ಅದು ಇಲ್ಲದೇ ಇರದು. ಹತ್ತು ನಿಮಿಷ ಬೇರೆ ಕೆಲಸ ಮಾಡಿ ಬಂದು ಕ್ಲಿಕ್ ಮಾಡಿದಾಗ ಮೊದಲ ಧ್ವನಿಗೆ ಕೆಲವು ಸೆಕೆಂಡ್ ಹಿಡಿದರೆ ಡಿಸ್ಕ್ ಮಲಗಿತ್ತು ಎಂದರ್ಥ. ಪವರ್ ಆಯ್ಕೆಗಳಲ್ಲಿ ಹಾರ್ಡ್ ಡಿಸ್ಕ್ ನಿಲ್ಲಿಸುವುದನ್ನು ಬಂದ್ ಮಾಡಿ. ಪ್ರತಿ ಕ್ಲಿಕ್ಕಿಗೂ ತಡವಾದರೆ ಆಂಟಿವೈರಸ್ ಪ್ರತಿ ಫೈಲನ್ನು ತೆರೆದು ಪರೀಕ್ಷಿಸುತ್ತಿರಬಹುದು. ಲೈಬ್ರರಿ ಫೋಲ್ಡರನ್ನು ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿ, ಆಮೇಲೆ ವಿನಾಯಿತಿ ಪಟ್ಟಿಗೆ ಸೇರಿಸಿ. ಪೆನ್‌ಡ್ರೈವ್‌ನಲ್ಲಿ ಬಂದ ಪ್ಯಾಕ್‌ಗಳನ್ನು ಮಾತ್ರ ಪರೀಕ್ಷಿಸದೆ ಒಳಗೆ ಬಿಡಬೇಡಿ. ಅವುಗಳಲ್ಲಿ ವೇವ್ ಫೈಲ್ ಜೊತೆ ಬರುವ ‘ಇನ್‌ಸ್ಟಾಲರ್’ಗಳ ಮೇಲೆ ನನಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಪರವಾನಗಿ ಇಲ್ಲದ ಲೂಪ್ ಪ್ರಚಾರದ ಹಾಡಿನಲ್ಲಿ ಸೇರಿಕೊಂಡರೆ ಯೂಟ್ಯೂಬ್ ಅದನ್ನು ಹಿಡಿಯಬಹುದು ಎಂಬುದು ಬೇರೆ ವಿಷಯ.

ತರಂಗದ ಚಿತ್ರದ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಸರಾಸರಿ ಫೈಲ್ ಸುಮಾರು 40 ಸೆಕೆಂಡಿನದು. 48 ಕಿಲೋಹರ್ಟ್ಸ್ ಸ್ಟೀರಿಯೋದಲ್ಲಿ ಅದರಲ್ಲಿ 38.4 ಲಕ್ಷ ಅಂಕಿಗಳಿವೆ. ಪರದೆಯ ಪಟ್ಟಿ ಇರುವುದು ಸಾವಿರ ಚುಕ್ಕಿ ಅಗಲ. ಪ್ರತಿ ಸಲ 11 ಎಂಬಿ ಓದಿ ಸಾವಿರ ಗೆರೆ ಎಳೆಯುವ ಬದಲು 256 ಅಂಕಿಗೊಂದರಂತೆ ಅತಿ ಎತ್ತರ, ಅತಿ ತಗ್ಗು ಬರೆದಿಟ್ಟುಕೊಂಡರೆ ಫೈಲಿಗೆ 60 ಕೆಬಿ ಸಾಕು. ರೆಕಾರ್ಡಿಂಗ್ ಸಾಫ್ಟ್‌ವೇರ್‌ಗಳಲ್ಲಿ ರೀಪರ್ ಧ್ವನಿ ಫೈಲ್‌ನ ಪಕ್ಕದಲ್ಲೇ ‘ರೀಪೀಕ್ಸ್’ ಫೈಲ್ ಬರೆಯುವುದು, ಏಬಲ್‌ಟನ್ ಲೈವ್ ‘ಎಎಸ್‌ಡಿ’ ಫೈಲ್ ಬರೆಯುವುದು ಇಂಥದ್ದಕ್ಕೇ. ಕಸ ಎಂದು ಅವನ್ನು ಅಳಿಸುವವರಿದ್ದಾರೆ. ಅಳಿಸಿದರೆ ಎಲ್ಲ ಮತ್ತೆ ಮೊದಲಿಂದ.

‘ಇದೇ ಥರದ್ದು ತೋರಿಸು’ ಎಂಬ ಹುಡುಕಾಟಕ್ಕೆ ದುಬಾರಿ ಕಂಪ್ಯೂಟರ್ ಬೇಕು ಎಂಬ ಮಾತು ಅಂಗಡಿಗಳಲ್ಲಿ ಓಡಾಡುತ್ತಿದೆ. ಲೆಕ್ಕ ಹಾಕಿ. ಧ್ವನಿ ಒಂದಕ್ಕೆ 128 ಲಕ್ಷಣದ ಅಂಕಿ, ಅಂಕಿಗೆ 4 ಬೈಟ್ ಎಂದರೆ 1.4 ಲಕ್ಷ ಫೈಲ್‌ಗೆ ಸುಮಾರು 72 ಎಂಬಿ. ಒಂದು ಧ್ವನಿಯನ್ನು ಉಳಿದೆಲ್ಲದರ ಜೊತೆ ಹೋಲಿಸಲು 1.8 ಕೋಟಿ ಗುಣಾಕಾರ. ಇವತ್ತಿನ ಪ್ರೊಸೆಸರ್‌ಗೆ ಅದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ. ಭಾರ ಇರುವುದು ಮೊದಲ ಸಲ ಲಕ್ಷಣ ತೆಗೆಯುವುದರಲ್ಲಿ, ಅದೂ ಒಂದೇ ಸಲ. ನಮ್ಮ ಕಡೆಯ ವಾದ್ಯಗಳಿಗೆ ಇದು ಹೆಸರಿನ ಹುಡುಕಾಟಕ್ಕಿಂತ ಒಳ್ಳೆಯದು ಎಂದೇ ನಾನು ಹೇಳುವುದು. ತಾನಾಗಿ ಟ್ಯಾಗ್ ಹಚ್ಚುವ ಸಾಫ್ಟ್‌ವೇರ್‌ಗೆ ಕಿಕ್, ಸ್ನೇರ್, ಟಾಮ್, ಹ್ಯಾಟ್ ಎಂಬ ನಾಲ್ಕಾರು ಖಾನೆ ಗೊತ್ತು. ಕೋಲಿನಿಂದ ಚರ್ಮ ಉಜ್ಜಿ ಹೂಂಕರಿಸುವ ಉರುಮೆಗೆ ಅಲ್ಲಿ ಖಾನೆಯೇ ಇಲ್ಲ, ಎಲ್ಲೋ ಒಂದು ಕಡೆ ತುರುಕುತ್ತದೆ. ಲಕ್ಷಣದ ಹೋಲಿಕೆಗೆ ಹೆಸರು ಬೇಡ. ನಿಮ್ಮದೇ ಒಂದು ಉರುಮೆ ತುಣುಕು ಕೊಟ್ಟರೆ ಅದರ ಹತ್ತಿರದವನ್ನು ಸಾಲಾಗಿ ತರುತ್ತದೆ, ‘ಹೊಸ ಫೋಲ್ಡರ್ 3’ ಎಂಬಲ್ಲಿ ಹೂತುಹೋದವನ್ನೂ ಸೇರಿಸಿ.

ಈಗ ಸಾಫ್ಟ್‌ವೇರ್ ಹೆಸರುಗಳು. ಬರೀ ಫೈಲ್ ಹೆಸರಿನಿಂದ ಹುಡುಕಲು ವಾಯ್ಡ್‌ಟೂಲ್ಸ್‌ನ ಎವೆರಿಥಿಂಗ್ ಉಚಿತ, ಅದರಷ್ಟು ವೇಗದ್ದು ನಾನು ನೋಡಿಲ್ಲ. ಆದರೆ ಅದರ ಮಾಯೆ ಇರುವುದು ವಿಂಡೋಸ್‌ನ ಸ್ವಂತ ಫಾರ್ಮ್ಯಾಟ್ ಆದ ಎನ್‌ಟಿಎಫ್‌ಎಸ್ ಡಿಸ್ಕ್‌ನಲ್ಲಿ. ಅಲ್ಲಿ ಪ್ರತಿ ಫೈಲಿನ ದಾಖಲೆ ಸಾಮಾನ್ಯವಾಗಿ 1 ಕೆಬಿಯಂತೆ ಒಂದೇ ಕೋಷ್ಟಕದಲ್ಲಿರುತ್ತದೆ, 1.4 ಲಕ್ಷ ಫೈಲ್‌ಗೆ ಸುಮಾರು 140 ಎಂಬಿ. ಫೋಲ್ಡರ್‌ನಿಂದ ಫೋಲ್ಡರ್‌ಗೆ ಅಲೆಯದೆ ಆ ಕೋಷ್ಟಕವನ್ನೇ ಓದಿಕೊಳ್ಳುತ್ತದೆ. ನಿಮ್ಮ ಎಕ್ಸ್‌ಫ್ಯಾಟ್ ಡಿಸ್ಕ್‌ನಲ್ಲಿ ಅದೂ ಎಲ್ಲರಂತೆ ಅಲೆಯಬೇಕು. ರೀಪರ್ ಬಳಸುವವರಾದರೆ ಅದರ ಮೀಡಿಯಾ ಎಕ್ಸ್‌ಪ್ಲೋರರ್‌ನಲ್ಲೇ ಡೇಟಾಬೇಸ್ ಮಾಡಬಹುದು. ನಿಮ್ಮ ಗಾತ್ರದ ಲೈಬ್ರರಿಗೆ ಅದು ಸಾಕು, ನಾನು ಮೊದಲು ಹೇಳುವುದೂ ಅದನ್ನೇ. ಹೋಲಿಕೆಯ ಹುಡುಕಾಟಕ್ಕೆ ಸೊನೊನಿಮ್, ತಾಳದ ತುಣುಕುಗಳಿಗೆ ಎಕ್ಸ್‌ಎಲ್‌ಎನ್ ಆಡಿಯೊದ ಎಕ್ಸ್‌ಒ. ಏಬಲ್‌ಟನ್ ಲೈವ್ 12ರಲ್ಲಿ ಹೋಲಿಕೆಯ ಹುಡುಕಾಟ ಒಳಗೇ ಇದೆ. ಸೌಂಡ್‌ಮೈನರ್, ಬೇಸ್‌ಹೆಡ್ ಸಿನಿಮಾ ಧ್ವನಿಯವರ ಹತಾರಗಳು, ಲಕ್ಷಗಟ್ಟಲೆ ಫೈಲ್‌ಗೆ ಎಂದೇ ಮಾಡಿದವು. ನಿಮ್ಮ ಕೆಲಸಕ್ಕೆ ಅಷ್ಟು ದುಡ್ಡು ಹಾಕುವ ಅಗತ್ಯ ಕಾಣುವುದಿಲ್ಲ. ಯಾವುದನ್ನೇ ಕೊಳ್ಳುವ ಮುಂಚೆ ಟ್ರಯಲ್‌ನಲ್ಲಿ ‘ಡೊಳ್ಳು’ ಮತ್ತು ‘ಹಾಡು’ ಎರಡನ್ನೂ ಹುಡುಕಿ ನೋಡಿ.

ದುಡ್ಡು ಹಾಕುವುದಾದರೆ ಲ್ಯಾಪ್‌ಟಾಪ್‌ಗಲ್ಲ, 2 ಟಿಬಿಯ ಒಂದು ಎಸ್‌ಎಸ್‌ಡಿಗೆ ಹಾಕಿ, ಎನ್‌ಟಿಎಫ್‌ಎಸ್ ಮಾಡಿ. ಎಕ್ಸ್‌ಫ್ಯಾಟ್‌ಗೆ ಜರ್ನಲ್, ಅಂದರೆ ಬದಲಾವಣೆಯನ್ನು ಮೊದಲೇ ಗುರುತು ಹಾಕಿಕೊಳ್ಳುವ ದಿನಚರಿ, ಇಲ್ಲ. ಬರೆಯುತ್ತಿರುವಾಗ ಕರೆಂಟ್ ಹೋದರೆ, ಕೇಬಲ್ ಸಡಿಲವಾದರೆ ಫೋಲ್ಡರ್ ಪಟ್ಟಿಯೇ ಕೆಡಬಹುದು. ಗೆಳೆಯನ ಮ್ಯಾಕ್ ಎನ್‌ಟಿಎಫ್‌ಎಸ್ ಓದುತ್ತದೆ, ಬರೆಯುವುದಿಲ್ಲ, ಕೊಡುವುದಕ್ಕೆ ಅಡ್ಡಿಯಿಲ್ಲ. ಎಸ್‌ಎಸ್‌ಡಿಗೆ ತುಂಬುವ ಮುಂಚೆ ನಕಲುಗಳನ್ನು ತೆಗೆಯಿರಿ. ಪೆನ್‌ಡ್ರೈವ್‌ನಲ್ಲಿ ಕೈ ಬದಲಿಸಿದ ಪ್ಯಾಕ್‌ಗಳಲ್ಲಿ ಒಂದೇ ಕಿಕ್ ನಾಲ್ಕು ಹೆಸರಲ್ಲಿ ಕೂತಿರುತ್ತದೆ. ನಕಲು ಹುಡುಕುವ ಪ್ರೋಗ್ರಾಂ ಮೊದಲು ಗಾತ್ರ ಹೋಲಿಸಿ, ಗಾತ್ರ ಒಂದೇ ಇದ್ದವುಗಳ ಮೊದಲ ಕೆಲವು ಕೆಬಿ ಹೋಲಿಸಿ, ಅದೂ ಹೊಂದಿದರೆ ಮಾತ್ರ ಪೂರ್ತಿ ಓದುವಂಥದ್ದಾಗಿರಲಿ; ಎಲ್ಲವನ್ನೂ ಪೂರ್ತಿ ಓದುವಂಥದ್ದಾದರೆ ಮತ್ತೆ 1.6 ಟಿಬಿಯ ಕಥೆ. ಹಳೆಯ ಡಿಸ್ಕ್‌ನಲ್ಲಿ ಇರುವುದನ್ನು ಇದ್ದ ಹಾಗೇ ಬಿಟ್ಟು ಬೀರುವಿನಲ್ಲಿಡಿ, ಅದು ನಿಮ್ಮ ಬ್ಯಾಕಪ್. ಹೊಸ ಡಿಸ್ಕ್‌ಗೆ ಅದೇ ‘ಎಸ್’ ಅಕ್ಷರ ಕೊಟ್ಟು, ಫೋಲ್ಡರ್‌ಗಳ ಹೆಸರು ಬದಲಿಸದೆ ಇಟ್ಟರೆ ಡೇಟಾಬೇಸ್ ಹಾಗೇ ಮುಂದುವರಿಯುತ್ತದೆ.

ಇಷ್ಟೆಲ್ಲ ಆದ ಮೇಲೂ ವಿಶ್ಲೇಷಣೆ ಓಡುವಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಮೇಲಕ್ಕೇ ಅಂಟಿಕೊಂಡು ಎಸ್‌ಎಸ್‌ಡಿ ಖಾಲಿ ಕೂತಿದ್ದರೆ, ಮತ್ತು ಹೊಸ ಫೈಲ್‌ಗಳು ವಾರವಾರವೂ ಸಾವಿರಗಟ್ಟಲೆ ಬರುತ್ತಿದ್ದರೆ, ಆಗ ಲ್ಯಾಪ್‌ಟಾಪ್ ಯಾವುದು ಎಂದು ಕೇಳಿ ಬರೆಯಿರಿ. ಜೊತೆಗೆ ಈಗಿನದರ ರ‍್ಯಾಮ್ ಎಷ್ಟು, ಕಾಂಟ್ಯಾಕ್ಟ್ ಥರದ ದೊಡ್ಡ ವಾದ್ಯ ಲೈಬ್ರರಿ ಬಳಸುತ್ತೀರಾ ಎಂಬುದನ್ನೂ ತಿಳಿಸಿ.